ಟ್ರೇಲರಿನ ಮಗ್ಗುಲಿಗೊಂದು ತಾಡಪತ್ರಿ

ಗೃಹನಿರ್ಮಾಣವೆಂಬ ಮಹತ್ಕಾರ್ಯಕ್ಕೆ ಪಾಯ, ಪಂಚಾಂಗ, ಪಾಲುದಾರರ ಸಮ್ಮತಿ ಮೊದಲಾದ ನೂರೆಂಟು ತೊಡಕುಗಳುಂಟೆಂದು ಬಲ್ಲವರು ಹೇಳುವರಾದರೂ, ನಮ್ಮ ಯಾದಗಿರಿ ಸೀಮೆಯ ಒಕ್ಕಲಿಗನು ಸಂಕ್ರಮಣಕ್ಕೆ ಮೈಲಾಪುರದ ಮೈಲಾರಲಿಂಗನ ಸನ್ನಿಧಿಯಲ್ಲಿಯೂ, ಭಾರತ ಹುಣ್ಣಿಮೆಯ ಸುಮಾರಿಗೆ ತಿಂಥಣಿಯ ಮೌನೇಶ್ವರನ ಜಾತ್ರೆಯಲ್ಲಿಯೂ, ಇವಾವುದರ ಹಂಗಿಲ್ಲದೆ, ಟ್ರ್ಯಾಕ್ಟರಿನ ಟ್ರೇಲರಿಗೆ ತಾಡಪತ್ರಿಯೊಂದನ್ನು ಬಿಗಿದು ಸಂಸಾರ ಹೂಡಿಬಿಡುತ್ತಾನೆ. ಹಿಂದೆ ಕಮಾನು ಕಟ್ಟಿದ ಸವಾರಿ ಬಂಡಿಗೆ ಸಲ್ಲುತ್ತಿದ್ದ ಈ ಗೌರವ ಈಗ ಟ್ರೇಲರಿನ ಪಾಲಾಗಿದೆ.

ಕೆಲಸವೇನೋ ನೋಡುವುದಕ್ಕೆ ಸರಳ. ತಾಡಪತ್ರಿಯ ಒಂದಂಚನ್ನು ಟ್ರೇಲರಿನ ಪಕ್ಕದ ಕೊಂಡಿಗಳಿಗೆ ಕಟ್ಟಿ, ಇನ್ನೊಂದಂಚನ್ನು ಎರಡು ಗಳಗಳ ತಲೆಗೇರಿಸಿ, ಅಲ್ಲಿಂದಿಳಿದ ಹಗ್ಗಗಳನ್ನು ಗೂಟಕ್ಕೆ ಬಿಗಿದರೆ ಮುಗಿಯಿತು. ಆದರೆ ಬಿಸಿಲು ತಡೆಯಲೆಂದು ಕಟ್ಟಿದುದನ್ನು ಹೊತ್ತೊಯ್ಯಲು ಗಾಳಿಯು ಹೊಂಚುಹಾಕುತ್ತಿರುವುದರಿಂದ, ಗಳವು ಅದನ್ನು ಕೆಳಗೆ ಬೀಳದಂತೆಯೂ ಹಗ್ಗವು ಮೇಲೆ ಹಾರದಂತೆಯೂ ಹಿಡಿಯಬೇಕಾಗುತ್ತದೆ. ಈ ಎರಡನೆಯ ಧರ್ಮವನ್ನು ಮರೆತವನ ತಾಡಪತ್ರಿಯು ನೆರೆಯವರ ಒಲೆಯ ಮೇಲೆ ಅವತರಿಸುತ್ತದೆ. ಡೇರೆಯ ಬಾಳನ್ನು ಚೆನ್ನಾಗಿ ಬಲ್ಲ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬರು ಸುರಪುರದ ಗುಡ್ಡದ ಮೇಲೆ 1844ರಲ್ಲಿ ಗಟ್ಟಿಯಾದ ಬಂಗಲೆಯನ್ನೇ ಕಟ್ಟಿಸಿಕೊಂಡುದು ಇದೇ ಕಾರಣಕ್ಕೋ ಏನೋ!

ಶಹಾಪುರದಿಂದ ಹೊರಟು, ಗುಡ್ಡಸಾಲಿನಲ್ಲಿ ಅಂಗಾತ ಮಲಗಿದ ಬುದ್ಧನ ಆಕೃತಿಯನ್ನು ಹಿಂದೆ ಬಿಟ್ಟು, ಸುರಪುರವನ್ನು ಹಾದು ತಿಂಥಣಿಗೆ ಮುಟ್ಟಿದ ನಮ್ಮ ಬಳಗಕ್ಕೆ ದೊರೆತುದು ಕೃಷ್ಣೆಯ ದಂಡೆಯ ಉಸುಕು. ಎರೆಭೂಮಿಯಲ್ಲಿ ಗೂಟವು ಹಿಡಿದುಕೊಳ್ಳುತ್ತದೆ, ಮೈಲಾಪುರದ ಕಲ್ಲುನೆಲದಲ್ಲಿ ಬಂಡೆಗೇ ಕುಣಿಕೆ ಹಾಕಬಹುದು. ಉಸುಕಾದರೋ, ಹೊಡೆದ ಗೂಟವನ್ನು ಒಂದೇ ಜಗ್ಗಿಗೆ ವಿನಯಪೂರ್ವಕವಾಗಿ ಹಿಂದಿರುಗಿಸುತ್ತದೆ. ನಮ್ಮ ಕಾಕಾ ನಕ್ಕು, “ಗೂಟ ಇಡು ತಮ್ಮಾ, ಚೀಲ ತಾ” ಎಂದವರೇ, ಗೊಬ್ಬರದ ಖಾಲಿ ಚೀಲಕ್ಕೆ ಉಸುಕು ತುಂಬಿ, ಅದರ ನಡುವಿಗೆ ಹಗ್ಗ ಸುತ್ತಿ, ಮೊಳಕಾಲುದ್ದದ ಕುಣಿ ತೋಡಿ ಅಡ್ಡಲಾಗಿ ಹೂಳಿ, ಮೇಲೆ ಉಸುಕೆಳೆದು ತುಳಿದರು. ಮತ್ತೆ ಎಷ್ಟು ಜಗ್ಗಿದರೂ ಅದು ಅಲುಗಲಿಲ್ಲ. ಯಾವ ಉಸುಕು ಗೂಟವನ್ನು ಧಿಕ್ಕರಿಸಿತ್ತೋ ಅದೇ ಉಸುಕು ತನ್ನ ಜಾತಿಯದನ್ನು ಅಪ್ಪಿ ಹಿಡಿದ ಈ ಸ್ವಜನಪಕ್ಷಪಾತವನ್ನು ಕಂಡು ನಾನು ಬೆರಗಾದೆನು.

ಅಷ್ಟರಲ್ಲಿ ಸುತ್ತಣ ಟ್ರೇಲರುಗಳಿಂದ ಸಲಹೆಗಾರರು ನೆರೆದರು. ಗಾಳಿ ಮೂಡಲದ್ದೆಂದು ಒಬ್ಬರು, ಹೊಳೆಯ ಕಡೆಯದೆಂದು ಮತ್ತೊಬ್ಬರು. ಹಗ್ಗದ ವಿಷಯದಲ್ಲಂತೂ ಎರಡು ಮತಗಳೇ ಸ್ಥಾಪಿತವಾದವು: ನೈಲಾನಿನ ಗಂಟು ಜಾರುತ್ತದೆಂದು ಹಿರಿಯರು, ಪುಂಡಿನಾರಿನ ಹಗ್ಗವು ಮಂಜಿಗೆ ನೆನೆದು ಮೊಟಕಾಗಿ ತಾಡಪತ್ರಿಯ ಕಣ್ಣನ್ನೇ ಹರಿಯುತ್ತದೆಂದು ಕಿರಿಯರು. ಇಬ್ಬರೂ ಸತ್ಯವನ್ನೇ ನುಡಿಯುತ್ತಿದ್ದುದರಿಂದ ಜಗಳ ಬಗೆಹರಿಯುವ ಸಂಭವವಿರಲಿಲ್ಲ. ಕಾಕಾ ನಾರಿನ ಹಗ್ಗವನ್ನೇ ಕಟ್ಟಿ, ಮಲಗುವ ಮುನ್ನ ಒಂದು ಬೆರಳು ತೂರುವಷ್ಟು ಸಡಿಲಿಸಿದರು. ಬೆಳಗಿನ ಜಾವ ಮುಟ್ಟಿ ನೋಡಿದರೆ ತಂತಿಯಂತೆ ಬಿಗಿದಿತ್ತು.

ನಿಜವಾದ ಸಂಕಟ ಹುಟ್ಟಿದುದು ಮುಂಜಾನೆ, ನೀರಿಗೆ ಟ್ರ್ಯಾಕ್ಟರ್ ಬೇಕಾದಾಗ. ನಮ್ಮದು ಎರಡು ಗಾಲಿಯ ಟ್ರೇಲರ್. ಪಿನ್ನು ಕಿತ್ತು ಇಂಜಿನ್ ಬಿಡಿಸಿದೊಡನೆ ಅದು ಮುಂದಕ್ಕೆ ಬಾಗಿ ಮೂಗು ನೆಲಕ್ಕೂರುವುದು, ಅದರೊಡನೆ ತಾಡಪತ್ರಿಯೂ, ಕೆಳಗೆ ಹೂಡಿದ ಒಲೆಯ ಮೇಲಣ ಹುಗ್ಗಿಯೂ ಅದೇ ಗತಿಯನ್ನು ಕಾಣುವುವು. ಮೂಗಿಗೆ ಕಲ್ಲು ಕೊಡಬೇಕೆಂದು ಕೆಲವರು, ಜಾಕ್ ಕೊಡಬೇಕೆಂದು ಕೆಲವರು, ಮನೆಯನ್ನೇ ಬಿಚ್ಚಿ ಮತ್ತೆ ಕಟ್ಟೋಣವೆಂದು ಇನ್ನು ಕೆಲವರು ವಾದಿಸುತ್ತಿರಲು, ಹುಗ್ಗಿ ತಿರುವುತ್ತಿದ್ದ ನಮ್ಮ ಅಮ್ಮ ಸೌಟೆತ್ತಿ, “ಹೊಳಿ ಕಣ್ಮುಂದೇ ಅದ. ಮನಿ ಜಗ್ಗಿಕೊಂಡು ನೀರಿಗೆ ಹೋಗ್ತೀರೇನು? ಕೊಡ ಹೊತ್ಕೊಂಡು ನಡೀರಿ!” ಎಂದಳು.

ಆ ಸೌಟಿಗೆ ಪ್ರತ್ಯುತ್ತರ ಕೊಡುವ ಪಂಡಿತರು ಯಾರೂ ಇರಲಿಲ್ಲವಾಗಿ, ಹೆಗಲಿಗೊಂದೊಂದು ಕೊಡವನ್ನೇರಿಸಿ, ಕಲ್ಲು ಮೇಲೋ ಜಾಕು ಮೇಲೋ ಎಂಬ ಚರ್ಚೆಯನ್ನು ಹೊಳೆಯವರೆಗೂ ಸಾಗಿಸಿಕೊಂಡು ಹೋದೆವು.