ಮಳೆ ರಜೆಯ ಒಂದು ವಾರ

ಪುನರ್ವಸು ಮಳೆ ಹಿಡಿಯಿತೆಂದರೆ ಸಾಕು, ನಮ್ಮ ತೀರ್ಥಹಳ್ಳಿ ಕಡೆಯ ಮಕ್ಕಳಿಗೆ ರಾತ್ರಿ ಊಟದ ಹೊತ್ತಿಗೆ ಒಂದೇ ಧ್ಯಾನ. ಡೀಸಿಯವರು ನಾಳೆ ರಜೆ ಕೊಟ್ಟರಾ, ಇಲ್ವಾ? ಆದೇಶ ವಾಟ್ಸಾಪಿಗೆ ಬಂತೋ, ಅದನ್ನು ಓದುವ ಚಂದ ನೀವು ನೋಡಬೇಕು ಮಾರಾಯ್ರೆ. ಸಮಾಜದ ಪಾಠ ಎರಡು ಪುಟ ಓದು ಅಂದರೆ ಆಕಳಿಸುವ ಹುಡುಗ ಈ ಹಾಳೆಯನ್ನು ತಾರೀಕಿನಿಂದ ಮೊಹರಿನವರೆಗೆ ಬಿಡದೆ ಓದುತ್ತಾನೆ. ಯಾವ್ಯಾವ ತಾಲ್ಲೂಕು? ಅಂಗನವಾಡಿಯಿಂದ ಹೈಸ್ಕೂಲಿನವರೆಗೋ, ಪಿಯುಸಿಗೂ ಉಂಟೋ? ಇದು ಈ ವರ್ಷದ್ದೇನಾ, ಯಾರೋ ಹೋದ ವರ್ಷದ್ದನ್ನು ತಿದ್ದಿ ಹರಿಬಿಟ್ಟದ್ದಲ್ಲ ತಾನೇ? ಓದಿ ಅರ್ಥ ಮಾಡಿಕೊಳ್ಳುವುದು ಅಂತ ಶಾಲೆಯಲ್ಲಿ ಹೇಳೋದು ಇದನ್ನೇ ಅಲ್ವಾ? ತನಗೆ ಬೇಕಾದ ಸಂಗತಿ ಇದ್ದರೆ ಮಗು ಹೀಗೆ ಓದುತ್ತದೆ.

ಒಂದು ದಿನದ ರಜೆಗೆ ಯೋಜನೆ ಗೀಜನೆ ಏನೂ ಬೇಡ. ಹಲಸಿನ ಹಪ್ಪಳ ಕೆಂಡದ ಮೇಲೆ ಸುಟ್ಟು ತಿಂದು, ಕಂಬಳಿ ಹೊದ್ದು ಕೂತರೆ ಮುಗೀತು. ಸೋಮವಾರ ಹಿಡಿದದ್ದು ಶನಿವಾರದವರೆಗೆ ಎಳೆಯಿತೆಂದರೆ ಮಾತ್ರ ದೊಡ್ಡವರಿಗೆ ಚಿಂತೆ ಹತ್ತುತ್ತದೆ. ಶಾಲೆಯವರಿಗೂ ತಾಪತ್ರಯವೇ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ಕ್ಲಾಸಿನವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟರವರೆಗೆ 220 ದಿನ ಪಾಠ ನಡೆಯಬೇಕು. ಹೋದ ದಿನಗಳನ್ನು ಶನಿವಾರ ಮಧ್ಯಾಹ್ನವೋ ಭಾನುವಾರವೋ ತುಂಬಿಸಿ ಕೊಡಬೇಕು. ಅದು ಅವರ ಲೆಕ್ಕ. ಮನೆಯಲ್ಲಿ ಕೂತ ಮಗುವಿನ ವಾರ ನಮ್ಮ ಲೆಕ್ಕ.

ಆಚೆಮನೆ ಅಕ್ಕ ಮೊನ್ನೆ ದಣಪೆ ಹತ್ತಿರ ಕೊಡೆ ಹಿಡಿದು ನಿಂತು ಇದನ್ನೇ ಕೇಳಿದರು. “ನಮ್ಮ ಮಾಣಿ ಏಳನೇ ಕ್ಲಾಸು. ಟ್ಯೂಷನ್ನಿಗೆ ಕಳಿಸೋಣ ಅಂದ್ರೆ ಹಳ್ಳ ತುಂಬಿದೆ. ಮೊಬೈಲ್ ಕೊಟ್ಟು ಕೂರಿಸೋಣ ಅಂದ್ರೆ ಕರೆಂಟಿಲ್ಲ, ಟವರೂ ಇಲ್ಲ. ಎಂತ ಮಾಡಿಸೋದು ಮಾರಾಯ್ರೆ?” ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೇನೆ.

ಆರು-ಏಳನೇ ಕ್ಲಾಸಿನ ಮಕ್ಕಳ ವಾರವನ್ನು ಅವರೇ ಬರೆಯಲಿ. ನಲಿ-ಕಲಿಯ ಪುಟ್ಟ ಮಕ್ಕಳಿಗಾದರೆ ನಾವು ಕೈ ಹಿಡಿದು ಕೂರಬೇಕು, ಹೈಸ್ಕೂಲಿನವರು ನಮ್ಮ ಮಾತು ಕೇಳೋದೇ ಕಮ್ಮಿ. ಈ ನಡುವಿನ ವಯಸ್ಸು ಬಹಳ ಒಳ್ಳೆಯದು, ಜವಾಬ್ದಾರಿ ಕೊಟ್ಟರೆ ಹಿಗ್ಗುವ ವಯಸ್ಸು. ಒಂದು ಹಾಳೆ ಕೊಟ್ಟು ಟೈಮ್‌ಟೇಬಲ್ ಬರಿ ಅನ್ನಿ. ಸ್ಕೇಲಿಟ್ಟು ಗೆರೆ ಎಳೆದು, ಮೂಲೆಗೊಂದು ಹೂವು ಹಾಕಿ, ಸ್ಕೆಚ್ ಪೆನ್ನಿನಲ್ಲಿ ಅಂಚು ತುಂಬಿ, ಅದಕ್ಕೇ ಅರ್ಧ ದಿನ. ಆಗಲಿ ಬಿಡಿ, ಮಳೆ ಎಲ್ಲಿಗೂ ಓಡಿಹೋಗೋದಿಲ್ಲ. ಆದರೆ ಅದರ ಮೊದಲ ಸಾಲು ನೋಡಿದ್ದೀರಾ? ಯಾವ ಮನೆಯ ಮಗು ಬರೆದರೂ ಅದೇ ಸಾಲು: “ಬೆಳಿಗ್ಗೆ 5 ಗಂಟೆಗೆ ಏಳುವುದು.” ಎಂಟು ಗಂಟೆಗೆ ಕಂಬಳಿ ಎಳೆದರೂ ಏಳದ ಮಗು ಕೂಡ ಐದು ಗಂಟೆ ಅಂತಲೇ ಬರೆಯುತ್ತದೆ! ಆಮೇಲೆ ಗಣಿತಕ್ಕೆ ಎರಡು ಗಂಟೆ, ವಿಜ್ಞಾನಕ್ಕೆ ಎರಡು ಗಂಟೆ, ಆಟಕ್ಕೆ ಅರ್ಧ ಗಂಟೆ. ಪಾಪ, ಅದು ದೊಡ್ಡವರನ್ನು ಮೆಚ್ಚಿಸಲು ಬರೆದ ಪಟ್ಟಿ. ಮಂಗಳವಾರಕ್ಕೆ ಮುರಿದು ಬೀಳುತ್ತದೆ. ಅಲ್ಲಿ ನಾವು ಪಕ್ಕದಲ್ಲಿ ಕೂತು ಹೇಳಬೇಕು. “ಏಳೂವರೆ ಅಂತ ಬರಿ ಮಗಾ. ಗಣಿತ ಮುಕ್ಕಾಲು ಗಂಟೆ ಸಾಕು, ಆದರೆ ದಿನಾ ಮಾಡು. ಆಟಕ್ಕೆ ಎರಡು ಗಂಟೆ ಇಡು.” ತಾನು ಬರೆದದ್ದನ್ನು ತಾನೇ ವಾರವಿಡೀ ನಡೆಸಿದ ಮಗುವಿಗೆ ಆ ವಾರ ಬೇರೇನೂ ಬರದಿದ್ದರೂ ನನಗೆ ಸಂತೋಷವೇ.

ಪುಸ್ತಕದ ಕೆಲಸ ಬೆಳಿಗ್ಗೆಯೇ ಮುಗಿಯಬೇಕು. ಆಷಾಢದಲ್ಲಿ ಹಂಚಿನ ಮನೆಯೊಳಗೆ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು, ಕರೆಂಟಿನ ಕತೆ ಗೊತ್ತೇ ಇದೆ. ಗಣಿತ ಮತ್ತು ಒಂದು ಭಾಷೆ, ಎರಡೂ ಸೇರಿ ಒಂದೂವರೆ ಗಂಟೆ ಸಾಕು. ಶಾಲೆಯಲ್ಲಿ ಆಗಿರುವ ಪಾಠವನ್ನೇ ಗಟ್ಟಿ ಮಾಡಿಕೊಳ್ಳಲಿ, ಹೊಸ ಪಾಠ ಮೇಷ್ಟ್ರಿಗೆ ಬಿಡಿ. ಇನ್ನುಳಿದ ಹೊತ್ತಿಗೆ ಶಾಲೆಯಲ್ಲಿ ಸಿಗದ, ಮನೆಯಲ್ಲಿ ಮಾತ್ರ ಸಿಗುವ ಪಾಠಗಳಿವೆಯಲ್ಲ, ಅವನ್ನು ಹಿಡಿಯೋಣ.

ಮಳೆ ಬಂದೇ ತಾನೆ ಶಾಲೆ ನಿಂತದ್ದು? ಆ ಮಳೆಯನ್ನೇ ಅಳೆಯಲಿ. ಬಾಯಿಂದ ತಳದವರೆಗೆ ಒಂದೇ ಅಗಲ ಇರುವ ಡಬ್ಬ ಬೇಕು. ಕುತ್ತಿಗೆ ಸಣ್ಣದಿರುವ ಬಾಟಲಿ ಇಟ್ಟರೆ ಲೆಕ್ಕ ತಪ್ಪುತ್ತದೆ. ಅಂಗಳದ ನಡುವೆ, ಸೂರಿನ ನೀರೂ ಅಡಿಕೆ ಸೋಗೆಯ ನೀರೂ ಬೀಳದ ಕಡೆ, ಸುತ್ತ ಕಲ್ಲು ಒತ್ತಿ ನಿಲ್ಲಿಸಬೇಕು. ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಳಿಸಿ, ಮಿಲಿಮೀಟರಿನಲ್ಲಿ ಓದಿ, ಬರೆದು, ನೀರು ಚೆಲ್ಲಿ, ಮತ್ತೆ ಇಡಬೇಕು. ಎಂಟೂವರೆ ಯಾಕೆ ಅಂತೀರಾ? ಹವಾಮಾನ ಇಲಾಖೆಯವರು ದಿನದ ಮಳೆಯ ಲೆಕ್ಕ ಹಿಡಿಯುವುದು ಬೆಳಿಗ್ಗೆ 8.30ರಿಂದ ಮಾರನೇ ದಿನದ 8.30ಕ್ಕೆ. ಅವರು ಅಳೆಯುವ ಹೊತ್ತಿಗೇ ನಾನೂ ಅಳೆಯುತ್ತಿದ್ದೇನೆ ಅಂತ ಗೊತ್ತಾದರೆ ಮಗುವಿನ ಗತ್ತೇ ಬೇರೆ. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ ಮಳೆ, 204.4 ದಾಟಿದರೆ ಅದಕ್ಕೂ ಮೇಲಿನದು ಎಂದು ಇಲಾಖೆಯ ಪಟ್ಟಿ. ದಶಮಾಂಶ ಯಾಕೆ ಬೇಕು ಅಂತ ಕೇಳುತ್ತಿದ್ದ ಮಕ್ಕಳಿಗೆ ಇದಕ್ಕಿಂತ ಒಳ್ಳೇ ಉತ್ತರ ಉಂಟಾ? ಪೇಪರಿನಲ್ಲಿ ಆಗುಂಬೆಯ ಅಂಕಿ ಬಂದಿದ್ದರೆ ಪಕ್ಕದಲ್ಲೇ ಬರೆದುಕೊಳ್ಳಲಿ. ಕೆಲವೇ ಮೈಲಿ ಆಚೆ ಎಷ್ಟು ಹೆಚ್ಚು ಸುರಿದಿದೆ, ಯಾಕೆ ಸುರಿದಿದೆ ಅಂತ ಕೇಳಿದರೆ ಘಟ್ಟದ ಪಾಠ ತಾನಾಗಿ ಬಂತು.

ಇಲ್ಲಿಗೆ ನಿಲ್ಲೋದಿಲ್ಲ ಅದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಮಾಡಿನ ಮೇಲೆ ಒಂದು ದಿನ 120 ಮಿ.ಮೀ. ಸುರಿದರೆ 9,600 ಲೀಟರ್. ಸಾವಿರ ಲೀಟರಿನ ಒಂಬತ್ತು ಟ್ಯಾಂಕು ತುಂಬಿ ಮತ್ತೂ ಮಿಗುತ್ತದೆ, ಒಂದೇ ದಿನದಲ್ಲಿ! ಅದೇ ಮನೆಯವರು ಏಪ್ರಿಲ್‌ನಲ್ಲಿ ಬಾವಿಯ ತಳ ನೋಡುತ್ತಾ ನಿಂತಿರುತ್ತಾರೆ. ಆಚೆಮನೆ ಮಾಣಿ ಈ ಲೆಕ್ಕದ ನಡುವೆ ಒಂದು ಪ್ರಶ್ನೆ ಎತ್ತಿದ ನೋಡಿ, ನನಗೆ ಬಹಳ ಖುಷಿಯಾಯಿತು. ಮಾಡು ಇಳಿಜಾರು ಉಂಟಲ್ಲ, ಟೇಪು ಹಿಡಿಯಬೇಕಾದ್ದು ಹಂಚಿನ ಮೇಲಾ, ನೆಲದ ಮೇಲಾ? ಉತ್ತರ ಹೇಳಲಿಲ್ಲ ನಾನು. ತೂಗುಬಿಟ್ಟ ದೀಪದ ಕೆಳಗೆ ನೋಟ್‌ಬುಕ್ಕನ್ನು ಮೊದಲು ಮಟ್ಟವಾಗಿ, ಆಮೇಲೆ ಓರೆಯಾಗಿ ಹಿಡಿದು ನೆರಳು ನೋಡು ಅಂದೆ. ಓರೆ ಮಾಡಿದ ಹಾಗೆ ನೆರಳು ಕುಗ್ಗಿತು. ಎರಡು ಮೂರು ಸಲ ಹಿಂದೆ ಮುಂದೆ ಬಾಗಿಸಿ ನೋಡಿದವನು, “ಹಾಗಾದ್ರೆ ಮಳೆಗೆ ಸಿಗೋದು ನೆರಳಿನಷ್ಟೇ ಜಾಗ, ನೆಲದ ಮೇಲೇ ಅಳೀಬೇಕು” ಅಂದ. ಇಂಥ ಪ್ರಶ್ನೆ ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಹುಟ್ಟೋದು ಕಷ್ಟ, ಅಲ್ವಾ? ಅದಕ್ಕೆ ಪುರುಸೊತ್ತು ಬೇಕು.

ಮಳೆ ಸ್ವಲ್ಪ ಹೊಳವಾಯಿತೋ, ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ. ಮಕ್ಕಳು ದೂರ ನಿಂತು ನೋಡಲಿ, ಮುಟ್ಟುವುದು ಬೇಡ. ನೋಡಿದರೆ ಸಾಕು, ಶೇಕಡಾವಾರು ಪೂರ್ತಿ ಅಲ್ಲೇ ಇದೆ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇನ್ನೂರು ಲೀಟರಿನ ಡ್ರಮ್ಮಿಗೆ ಎಷ್ಟು, ಅರವತ್ತು ಲೀಟರ್ ಸಾಕು ಅಂದರೆ ಎಷ್ಟು? ಲೆಕ್ಕ ತಪ್ಪಿದರೆ ಕೊಳೆ ನಿಲ್ಲೋದಿಲ್ಲ ಅಂತ ಗೊತ್ತಿರುವುದರಿಂದ ಮಕ್ಕಳು ಎರಡೆರಡು ಸಲ ಮಾಡಿ ನೋಡ್ತಾರೆ. ದ್ರಾವಣ ಹದಕ್ಕೆ ಬಂತೋ ಇಲ್ಲವೋ ಅಂತ ದೊಡ್ಡವರು ಹೊಳೆಯುವ ಕತ್ತಿ ಅದ್ದಿ ನೋಡುವುದು ಉಂಟಲ್ಲ, ಅಲ್ಲಿ ಇನ್ನೂ ಚಂದ. ಅಲಗಿಗೆ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು, ತಾಮ್ರ. ಕಬ್ಬಿಣದ ಮೇಲೆ ಬಂದು ಕೂತ ತಾಮ್ರ. ಆಮ್ಲ, ಪ್ರತ್ಯಾಮ್ಲ ಅಂತ ವಿಜ್ಞಾನದ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದು ಅಲ್ಲಿ ಕತ್ತಿಯ ತುದಿಯಲ್ಲಿ ಕಾಣುತ್ತದೆ.

ನಮ್ಮ ಅಜ್ಜಯ್ಯ ಹೇಳುತ್ತಿದ್ದರು, ಅವರ ಹಿರಿಯರ ಕಾಲದಲ್ಲಿ ಈ ಔಷಧಿ ಇರಲಿಲ್ಲ, ಅಡಿಕೆಯ ಒಂದೊಂದು ಕೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಕಾಯಬೇಕಿತ್ತು ಎಂದು. ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ 1910ರ ಹೊತ್ತಿಗೆ ನಮ್ಮ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣ ಹೊಡೆಯಲು ಹೇಳಿದರು. ಆ ದ್ರಾವಣವೋ ಫ್ರಾನ್ಸಿನ ದ್ರಾಕ್ಷಿ ತೋಟದ್ದು. ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲಿ ಅಂತ ಅಲ್ಲಿಯವರು ರಸ್ತೆ ಬದಿಯ ಬಳ್ಳಿಗೆ ತುತ್ತ-ಸುಣ್ಣ ಎರಚುತ್ತಿದ್ದರಂತೆ. ಎರಚಿದ ಬಳ್ಳಿಗೆ ರೋಗ ಬರದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಪ್ರಕಟಿಸಿದರು. ಕಳ್ಳರನ್ನು ಓಡಿಸಲು ಹೋಗಿ ರೋಗ ಓಡಿತು! ಈ ಕತೆ ಹೇಳಿದರೆ ಮಕ್ಕಳು ಭೂಪಟದಲ್ಲಿ ಬೋರ್ಡೋ ಊರು ಹುಡುಕದೆ ಬಿಡೋದಿಲ್ಲ. ಎಲ್ಲಿಂದ ಎಲ್ಲಿಗೆ ಹೋದೆ ನೋಡಿ. ಮಗುವಿನ ವಾರವೂ ಹೀಗೆ ಒಂದರಿಂದ ಇನ್ನೊಂದಕ್ಕೆ ಹೋಗಲಿ ಬಿಡಿ.

ಇನ್ನು ಅಜ್ಜಿ. ಮನೆಯಲ್ಲಿ ಅಜ್ಜಿ ಇದ್ದರೆ ಒಂದು ಮಧ್ಯಾಹ್ನ ಪೂರ್ತಿ ಅವರದ್ದು. ಮಳೆ ನಕ್ಷತ್ರಗಳ ಹೆಸರು ಕೇಳಿ ಬರೆದುಕೊಳ್ಳಲಿ. ಅಶ್ವಿನಿಯಿಂದ ಹಿಡಿದು ಯಾವ ಮಳೆಗೆ ಏನು ಬಿತ್ತುತ್ತಿದ್ದರು, ಯಾವ ಮಳೆಗೆ ನೆಟ್ಟಿ, ಯಾವ ಮಳೆಗೆ ಹಳ್ಳದ ಸಂಕ ಕೊಚ್ಚಿ ಹೋಗುತ್ತಿತ್ತು, ಎಲ್ಲ. “ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ” ಅನ್ನುವಾಗ ಅಜ್ಜಿಯ ಮುಖ ನೋಡಬೇಕು, ಅದರಲ್ಲಿ ಬರಗಾಲದ ನೆನಪೂ ಇರುತ್ತದೆ. ಆಮೇಲೆ ಮಗು ಭಾಗಾಕಾರ ಮಾಡಲಿ. 365 ದಿನವನ್ನು 27 ನಕ್ಷತ್ರಕ್ಕೆ ಹಂಚಿದರೆ ತಲಾ ಹದಿಮೂರೂವರೆ ದಿನ. ಕ್ಯಾಲೆಂಡರಿನಲ್ಲಿ ಒಂದು ಮಳೆಗೆ 13 ದಿನ, ಇನ್ನೊಂದಕ್ಕೆ 14 ದಿನ ಬರೋದು ಅದಕ್ಕೇ. ಅಜ್ಜಿ ಹೇಳಿದ್ದನ್ನು ಎರಡು ಪುಟ ಬರೆದರೆ ಕನ್ನಡದ ಪ್ರಬಂಧವೂ ಆಯಿತು.

ಓದುವುದಕ್ಕೆ ಪಂಚಾಯಿತಿಯ ಅರಿವು ಕೇಂದ್ರದಿಂದ ಮಳೆ ಜೋರಾಗುವ ಮೊದಲೇ ಎರಡು ಪುಸ್ತಕ ತಂದಿಡಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಏಳನೆಯವರಿಗೆ ತೇಜಸ್ವಿಯವರ ‘ಪರಿಸರದ ಕತೆ’ ಕೊಡಿ, ಊಟಕ್ಕೆ ಕರೆದರೂ ಏಳೋದಿಲ್ಲ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಸ್ವಲ್ಪ ಬಿಗಿ, ಅದನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ. ಹೊರಗೆ ಮಳೆ ಹೊಯ್ಯುವಾಗ ಅದನ್ನು ಕೇಳೋದೇ ಒಂದು ಸುಖ.

ಮೊಬೈಲ್ ಬೇಡವೇ ಬೇಡ ಅಂತ ನಾನು ಹೇಳೋದಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದರೆ ದೀಕ್ಷಾದಲ್ಲಿ ಪಾಠ ಸಿಗುತ್ತದೆ, ಟವರ್ ಇದ್ದಾಗ ನೋಡಲಿ. ಆದರೆ ಕೊರೊನಾಕ್ಕೆ ಶಾಲೆ ಮುಚ್ಚಿದ್ದ 2020ರ ವರ್ಷ ನಮಗೆಲ್ಲ ಒಂದು ಮಾತು ಕಲಿಸಿದೆ ಅಲ್ವಾ? ಆ ಏಪ್ರಿಲ್‌ನಲ್ಲಿ ಎನ್‌ಸಿಇಆರ್‌ಟಿಯವರು ಆರರಿಂದ ಎಂಟನೇ ತರಗತಿಗೆ ವಾರವಾರದ ಕಲಿಕೆಯ ಪಟ್ಟಿ ಮಾಡಿದಾಗ, ಮಾಮೂಲಿ ಫೋನು ಮಾತ್ರ ಇರುವ ಮನೆಗೆ ಎಸ್ಸೆಮ್ಮೆಸ್ ಕಳಿಸಿ, ಕರೆ ಮಾಡಿ ಹೇಳಿ ಅಂತಲೂ ಸೂಚಿಸಿದ್ದರು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ನಮ್ಮ ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಮರದ ಬುಡ, ಯಾರ ಮನೆಯದ್ದೋ ಅಂಗಳ ಅಂತ ಮಕ್ಕಳಿದ್ದಲ್ಲಿಗೇ ಹೋದರು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಚಂದನ ವಾಹಿನಿಯ ಸಂವೇದ ಪಾಠಗಳೂ ಇದ್ದವು. ಅಷ್ಟೆಲ್ಲ ಇದ್ದರೂ ಮಕ್ಕಳನ್ನು ಹಿಡಿದು ನಿಲ್ಲಿಸಿದ್ದು, “ಇವತ್ತು ಎಂತ ಮಾಡಿದೆ ಮಗಾ?” ಅಂತ ಸಂಜೆ ಕೇಳುವ ಒಬ್ಬರು ಮನೆಯಲ್ಲಿ ಇದ್ದದ್ದು. ಕೇಳುವವರಿಗೆ ಇಂಗ್ಲಿಷ್ ಬರಬೇಕಿಲ್ಲ, ಬೀಜಗಣಿತವೂ ಬೇಡ. ಕೂತು ಕೇಳಿದರೆ ಸಾಕು.

ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ ಇದೆ. ರಜೆ ಎಂದ ಕೂಡಲೇ ಪ್ರಶ್ನೋತ್ತರದ ಫೋಟೋಗಳನ್ನು ಗ್ರೂಪಿಗೆ ಹಾಕಿ ‘ಬರೆದುಕೊಂಡು ಬನ್ನಿ’ ಅನ್ನಬೇಡಿ. ಮಕ್ಕಳು ಬರೆಯುತ್ತಾರೆ, ಓದುವುದಿಲ್ಲ. ಅದರ ಬದಲು ಒಂದೇ ನೋಟ್‌ಬುಕ್ ಹೇಳಿ. ಅದರಲ್ಲಿ ಮಳೆಯ ಅಂಕಿ ಇರಲಿ, ಅಜ್ಜಿಯ ಮಾತು ಇರಲಿ, ದಿನಕ್ಕೆ ನಾಲ್ಕೇ ಲೆಕ್ಕ ಇರಲಿ. ಶಾಲೆ ಶುರುವಾದ ದಿನ ಅದನ್ನು ತಪ್ಪದೆ ಕೇಳಿ ತೆಗೆದು ನೋಡಿ. ಬೇರೆಬೇರೆ ಊರಿನ ಐದಾರು ಮಕ್ಕಳ ಮಳೆ ಅಂಕಿಯನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಸಿ, ಅವತ್ತಿನ ಗಣಿತದ ಪಾಠವನ್ನು ಅಲ್ಲಿಂದಲೇ ಶುರುಮಾಡಿ.