ಆಡು ಮುಟ್ಟದ ಸೊಪ್ಪು

ಆಡು ಮುಟ್ಟದ ಸೊಪ್ಪಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಪಾಪ, ಅವರ ಕಾಲಕ್ಕೆ ಸಾಮಾಜಿಕ ಅರಣ್ಯ ಯೋಜನೆ ಬಂದಿರಲಿಲ್ಲ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲ ತಂದು, ಆ ಗಾದೆಯನ್ನು ಕೋಲಾರದ ಬಯಲಿನಲ್ಲಿ ನಮ್ಮವರು ಸುಳ್ಳು ಮಾಡಿ ತೋರಿಸಿದರು. ಅಲ್ಲಿ ನೆಟ್ಟ ನೀಲಗಿರಿಯ ಹತ್ತಿರ ಮೂಗು ತಂದ ಮೇಕೆ ತಲೆ ಕೊಡವಿಕೊಂಡು ಮುಂದೆ ಹೋಗುತ್ತದೆ. ಬೇಲಿ ಬೇಡ, ಕಾವಲು ಬೇಡ, ಇದಕ್ಕಿಂತ ಒಳ್ಳೆಯ ಮರ ಉಂಟೇ? ಮೇಕೆ ಯಾಕೆ ಮುಟ್ಟಲಿಲ್ಲ ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ.

ಕಡತದ ಪ್ರಕಾರ ಉದ್ದೇಶ ಘನವಾದದ್ದು: ಹಳ್ಳಿಯ ಹೆಂಗಸರಿಗೆ ಸೌದೆ, ದನಕ್ಕೆ ಮೇವು, ಬೋಳು ನೆಲಕ್ಕೆ ಹಸಿರು. ಮರ ಬೆಳೆಯಿತು, ಲಾರಿ ಬಂತು. ಕಾಂಡವೆಲ್ಲ ಕಾಗದಕ್ಕೆ, ರೇಯಾನ್ ನೂಲಿಗೆ, ಬೆಂಗಳೂರಿನ ಕಟ್ಟಡಗಳ ಸೆಂಟ್ರಿಂಗ್ ಗಳಕ್ಕೆ ಹೋಯಿತು. ಹೆಂಗಸರ ಪಾಲಿಗೆ ಉಳಿದದ್ದು ತರಗು. ಗುಡಿಸಿ, ಮೂಟೆ ಕಟ್ಟಿ, ತಲೆ ಮೇಲೆ ಹೊತ್ತು ತಂದು ಒಲೆಗೆ ತುರುಕಿದರೆ ಭಗ್ಗನೆ ಹತ್ತಿ, ಎಸರು ಕುದಿಯುವ ಮೊದಲೇ ಬೂದಿ. ಮೇವಿನ ವಿಷಯದಲ್ಲಿ ಮೇಕೆ ಆಗಲೇ ತೀರ್ಪು ಕೊಟ್ಟಿತ್ತು. ರಾಗಿ ಹೊಲಕ್ಕೂ ನೀಲಗಿರಿ ಇಳಿಯಿತು. ಊರು ಬಿಟ್ಟು ಪಟ್ಟಣ ಸೇರಿದ ಜಮೀನ್ದಾರನಿಗೆ ಕಳೆ ಕೀಳುವವರ ಕೂಲಿ ಉಳಿಯಿತು, ಕಳೆ ಕೀಳುತ್ತಿದ್ದವರಿಗೆ ಕೂಲಿಯೇ ಉಳಿಯಲಿಲ್ಲ.

1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಹುಣಸೆ, ಮಾವಿನ ಬೀಜ ಊರಿದರು. ಸರ್ಕಾರಕ್ಕೆ ಸೂಚನೆ ತಿಳಿಯಲಿಲ್ಲ. ಮರುವರ್ಷವೇ ಹರಿಹರದ ಪಾಲಿಫೈಬರ್ಸ್ ಕಂಪನಿಯ ಜೊತೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿ, ಊರೊಟ್ಟಿನ ನೆಲವನ್ನು ಕಾರ್ಖಾನೆಯ ಹೊಟ್ಟೆಗೆ ಬರೆದಿಟ್ಟಿತು. 1987ರ ನವೆಂಬರ್ 14ರಂದು, ಅಂದರೆ ಮಕ್ಕಳ ದಿನಾಚರಣೆಯಂದೇ, ಹಾವೇರಿ ಕಡೆಯ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆದು ಸರ್ಕಾರದ ಆ ಮುದ್ದಿನ ಕೂಸುಗಳೂ ಬೇರುಸಹಿತ ಹೊರಬಂದವು. ಕೊನೆಗೆ 2017ರಲ್ಲಿ ಸರ್ಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಿತು. ರೈತರಿಗೆ ಒಂದು ಬೆಳಗ್ಗೆ ಹೊಳೆದದ್ದು ವಿಧಾನಸೌಧದ ಮೆಟ್ಟಿಲು ಹತ್ತಲು 34 ವರ್ಷ ಹಿಡಿಯಿತು. ಮೆಟ್ಟಿಲು ಜಾಸ್ತಿ ಇವೆ, ನಿಜ.

ಹಾಗೆಂದು ಅಂತರ್ಜಲ ಬತ್ತಿದ ಪಾಪವನ್ನೆಲ್ಲ ನೀಲಗಿರಿಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಸಾವಿರ ಅಡಿ ಆಳಕ್ಕೆ ಇಳಿದದ್ದು ಮರದ ಬೇರಲ್ಲ, ನಮ್ಮ ಬೋರ್‌ವೆಲ್. ಟೊಮೆಟೊ ಕುಡಿದದ್ದೂ ಅದೇ ನೀರನ್ನು.

ಈಗ ಕೋಲಾರಕ್ಕೆ ಹೊರಗಿನಿಂದ ನೀರು ತರುವ ಕಾಲ. ಕೋಲಾರದ ಗಳ ನಿಲ್ಲಿಸಿ ಕಟ್ಟಿದ ಬೆಂಗಳೂರಿನ ಬಚ್ಚಲುಗಳ ನೀರು ಎರಡು ಸಲ ಶುದ್ಧೀಕರಣಗೊಂಡು, 2018ರಿಂದ ಕೋಲಾರದ ಕೆರೆಗಳಿಗೇ ಹರಿದು ಬರುತ್ತಿದೆ. ಹಳೇ ಬಾಕಿ ಚುಕ್ತಾ ಆಯಿತೆನ್ನಿ. ಕುಡಿಯುವುದಕ್ಕೆ ಎತ್ತಿನಹೊಳೆ ಇದೆಯಲ್ಲ. 2012ರಲ್ಲಿ 8,323 ಕೋಟಿ ರೂಪಾಯಿಯ ಸಸಿಯಾಗಿದ್ದ ಯೋಜನೆ ಈಗ 23,251 ಕೋಟಿಗೆ ಬೆಳೆದು ನಿಂತಿದೆ. ನೀಲಗಿರಿಗೂ ಈ ಬೆಳವಣಿಗೆ ಸಾಧ್ಯವಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಘಟ್ಟದಲ್ಲಿ ಮೊದಲ ಹಂತಕ್ಕೆ ಬಾಗಿನವೂ ಆಯಿತು. ಬಯಲಲ್ಲಿ ಮರ ನೆಟ್ಟು ನೀರು ಕಳೆದವರು, ಘಟ್ಟದಲ್ಲಿ ಮರ ಕಡಿದು ನೀರು ತರುತ್ತಿದ್ದಾರೆ. ನಿಯತ್ತಿನಲ್ಲಿ ಕೊರತೆಯಿಲ್ಲ, ದಿಕ್ಕು ಮಾತ್ರ ಸ್ವಲ್ಪ ತಿರುಗುಮುರುಗು.

ಸೌದೆಯ ಕಥೆ? ಅದು ಉಜ್ವಲಾ ಬಂದ 2016ರಲ್ಲೇ ಮುಗಿದಿದೆ, ಕಾಗದದಲ್ಲಿ. ಸರ್ವೆಗೆ ಬಂದ ಸಾಹೇಬರಿಗೂ ಊರ ಅಜ್ಜಿಗೂ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

‘ಏನಜ್ಜಿ, ಗ್ಯಾಸ್ ಕೊಟ್ಟ ಮೇಲೂ ಸೌದೆ ಒಲೇನಾ?’

‘ಐತಲ್ಲ ಸಾಮಿ ಗ್ಯಾಸು. ನೆಂಟ್ರು ಬಂದ್ರೆ ಟೀ ಕಾಸ್ತೀವಿ. ಮೈ ತೊಳ್ಯೋ ನೀರಿಗೂ ಅದನ್ನೇ ಹಚ್ಚಿದ್ರೆ ಸಿಲಿಂಡರ್ ತುಂಬ್ಸೋಕೆ ಕೂಲಿ ದುಡ್ಡು ಸಾಲ್ತದಾ?’

‘ಮತ್ತೆ ಸೌದೆ ಎಲ್ಲಿಂದ ತರ್ತೀರಿ?’

‘ಕೆರೆ ಅಂಗಳದಾಗೆ ಜಾಲಿ ಬೆಳ್ದೈತಲ್ಲ, ಅದೇ.’

ಸಾಹೇಬರು ಪುಸ್ತಕ ತೆರೆದು ಬರೆದುಕೊಳ್ಳುತ್ತಾರೆ: ‘ಸದರಿ ಕೆರೆ ಅಂಗಳದ ಜಾಲಿ ತೆರವುಗೊಳಿಸಿ, ಮುಂದಿನ ವನಮಹೋತ್ಸವಕ್ಕೆ ಸ್ಥಳವನ್ನು ಪರಿಗಣಿಸಬಹುದು.’