ಕೂತಲ್ಲೇ ಮರಳಿನ ನಕ್ಷೆ

ಮರಳಿನ ನಕ್ಷೆ ಮಾಡಲು ಹಳ್ಳಕ್ಕೆ ಇಳಿಯಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿ. ಚಪ್ಪಲಿ ಹಾಳು. ಫ್ಯಾನಿನ ಕೆಳಗೆ ಕೂತು ಉಪಗ್ರಹ ಚಿತ್ರ ತೆರೆಯಿರಿ. ಬೋರನಕಣಿವೆ ಕಡೆಯ ಸುವರ್ಣಮುಖಿ, ತುರುವೇಕೆರೆ ಕಡೆಯ ಶಿಂಷಾ, ನಡುವಿನ ಹಳ್ಳಕೊಳ್ಳ, ಬೆಳ್ಳಗೆ ಕಂಡದ್ದೆಲ್ಲ ಮರಳೆಂದು ಬರೆದುಕೊಳ್ಳಿ. ಚೌಳು ನೆಲವೋ, ಒಣಗಿದ ಕೆರೆಯಂಗಳವೋ ಎಂದು ಕೆದಕಬೇಡಿ. ಗರಸಿನದು ಇನ್ನೂ ಸುಲಭ: ದಿಬ್ಬ ಇದ್ದಲ್ಲೆಲ್ಲ ಇದೆ ಅನ್ನಿ.

ಆಳಕ್ಕೆ ಒಂದೇ ಗುಂಡಿ ಸಾಕು. ಮರಳು ದಪ್ಪಗೆ ಕೂತ ತಿರುವಿನಲ್ಲಿ ತೆಗೆಸಿ, ಸಿಕ್ಕಿದ ಆಳವನ್ನು ಹಳ್ಳದುದ್ದಕ್ಕೂ ಗುಣಿಸಿ. ಪಕ್ಕದಲ್ಲಿ ಮೊಣಕಾಲುದ್ದಕ್ಕೇ ಬಂಡೆ ಸಿಕ್ಕಿದರೆ ಆ ಗುಂಡಿ ಮುಚ್ಚಿಸಿ. ಕೇಂದ್ರದ 2016ರ ಮಾರ್ಗಸೂಚಿ 3 ಮೀಟರಿಗಿಂತ ಆಳ ಬೇಡ ಎನ್ನುತ್ತದೆ. ತಪ್ಪದೆ ಪಾಲಿಸಿ, ಪ್ರತಿ ವರ್ಷ ಆ ವರ್ಷದ ತಳದಿಂದ 3 ಮೀಟರ್ ಅಳೆಯಿರಿ.

ಮಳೆಗೆ ಮುಂಚೆ, ಮಳೆ ನಿಂತ ಮೇಲೆ ಮಟ್ಟ ನೋಡಿ, ಎಷ್ಟು ಮರಳು ಮತ್ತೆ ಬಂದು ಕೂತಿತೆಂದು ಲೆಕ್ಕ ಹಾಕಬೇಕಂತೆ. ಹೋದ ವರ್ಷದ ಅಂಕಿ ಇದೆಯಲ್ಲ, ಇಳಿಸಿಕೊಳ್ಳಿ. ಹಳ್ಳ ಹರಿಯದ ವರ್ಷವೂ ಮರಳು ಬಂದಿತೆಂದು ತೋರಿಸುವುದರಲ್ಲೇ ಕೈಚಳಕ ಇರುವುದು. ಯಾರಾದರೂ ಕೇಳಿದರೆ ಹೇಮಾವತಿ ನಾಲೆಯತ್ತ ಕೈ ತೋರಿಸಿ. ನಾಲೆ ಕೆರೆಗೆ ನೀರು ತರುತ್ತದೆಯೇ ಹೊರತು ಹಳ್ಳಕ್ಕೆ ಮರಳಲ್ಲ ಎಂಬ ವಿವರ ನಿಮಗೇಕೆ?

ಹಳ್ಳ ಬರಿದಾಯಿತೇ? ಕೆರೆಯಂಗಳಕ್ಕೆ ಬಣ್ಣ ಬಳಿಯಿರಿ. ಕೆರೆಗೋಡನ್ನು ತೋಟಕ್ಕೆ ಹೊಡೆಯುವುದು ಅಜ್ಜನ ಕಾಲದ್ದು. ಈಗ ಮಣ್ಣನ್ನು ತೊಟ್ಟಿಗೆ ಸುರಿದು ಮೋಟಾರಿನಿಂದ ನೀರು ಬಿಡುತ್ತಾರೆ. ಕೆಸರು ಹರಿದುಹೋಗಿ ತಳದಲ್ಲಿ ನಿಂತದ್ದೇ ಫಿಲ್ಟರ್ ಮರಳು. ಕಾನೂನು ಒಪ್ಪುವುದಿಲ್ಲವಾದ್ದರಿಂದ ನಕ್ಷೆಯಲ್ಲಿ 'ಹೂಳೆತ್ತುವ ಜಾಗ' ಎಂದು ಬರೆಯಿರಿ.

ಬಾವಿ, ಬೋರ್‌ವೆಲ್ ಯಾವುದನ್ನೂ ಗುರುತು ಮಾಡಬೇಡಿ. ಮಾಡಿದರೆ, ಮರಳು ಹೋದ ಹಳ್ಳ ನೀರು ಇಂಗಿಸುವುದಿಲ್ಲವೆಂದು ಯಾರಾದರೂ ಗೆರೆ ಎಳೆದು ನೋಡಿಯಾರು. ದಡದ ತೆಂಗಿನ ತೋಟದಲ್ಲಿ ಗರಿ ಜೋತು ಹರಳು ಉದುರಿದರೆ ನುಸಿಪೀಡೆ ಎಂದುಬಿಡಿ. ತಿಪಟೂರು ಸೀಮೆಯಲ್ಲಿ ಅದನ್ನು ನಂಬದವರಿಲ್ಲ.

ಕೊನೆಗೆ, ಈ ನಕ್ಷೆ ಸೇರುವ ಜಿಲ್ಲಾ ಸಮೀಕ್ಷಾ ವರದಿಯ ಕರಡನ್ನು 21 ದಿನ ಜನರ ಮುಂದಿಡಬೇಕು. ಇಡಿ: ಇಂಗ್ಲಿಷಿನಲ್ಲಿ, ಮಸುಕಾಗಿ ಸ್ಕ್ಯಾನ್ ಮಾಡಿ, ಸರ್ವೆ ನಂಬರು ಕಾಣದ ಹಾಗೆ. ಬೆಳೆಗಾರರು ಕೊಬ್ಬರಿ ರೇಟಿನ ಚಿಂತೆಯಲ್ಲಿರುತ್ತಾರೆ. 22ನೇ ದಿನ 'ಆಕ್ಷೇಪಣೆ ಇಲ್ಲ' ಎಂದು ಷರಾ ಬರೆದು ಕಡತ ಕಟ್ಟಿ. ಐದು ವರ್ಷಕ್ಕೊಮ್ಮೆ ವರದಿ ಪರಿಷ್ಕರಿಸಬೇಕೆಂಬ ನಿಯಮವೂ ಇದೆ. ಮುಖಪುಟದ ಇಸವಿ ತಿದ್ದಿ.